ಹಳೇ ಸ್ವೇಜಿಂಗ್ ಡೈಯಲ್ಲಿ ಬುಲೆಟ್ ಸಿಕ್ಕಾಕೊಂಡ್ರೆ: ಎಣ್ಣೇನ ಬೈಯೋಕ್ ಮುಂಚೆ ಅಳತೆ ನೋಡಿ

ಬುಲೆಟ್ ಆಚೆ ತಳ್ಳೋಣ ಅಂತ ಪ್ರೆಸ್ಸಿನ ಹಿಡಿ ಒತ್ತೀರ, ಒಳಗೆ ಟಕ್ ಅಂತ ಸದ್ದು, ಹಿಡಿ ಇದ್ದಕ್ಕಿದ್ದಂಗೆ ಹಗುರ. ಅಷ್ಟೇ, ಬುಲೆಟ್ಟನ್ನ ಡೈಯಿಂದ ಆಚೆ ತಳ್ಳೋ ಇಜೆಕ್ಟರ್ ಪಿನ್ ಬಗ್ಗೋಯ್ತು, ಬುಲೆಟ್ ಮಾತ್ರ ಅತ್ತೆ ಮನೇಲಿ ಅಳಿಯ ಕೂತಂಗೆ ಡೈಯೊಳಗೇ ಕೂತಿದೆ. ಹೋದ ಚಳಿಗಾಲ ನಂಗೆ ಇದು ಆರು ಸಲ ಆಯ್ತು. ಆರೂ ಸಲ ಎಣ್ಣೇನ ಬೈದೆ, ಎಣ್ಣೆ ಬದಲಾಯ್ಸಿದೆ, ಪಿನ್ ಬದಲಾಯ್ಸಿದೆ, ಕೊನೆಗೆ ಗೊತ್ತಾಗಿದ್ದೇನು ಅಂದ್ರೆ ತಪ್ಪು ಎಣ್ಣೇದೂ ಅಲ್ಲ ಪಿನ್ನಿಂದೂ ಅಲ್ಲ, ಒಂದೇ ಪೆಟ್ಟಿಗೇಲಿ ಬಂದ ನಾಲ್ಕು ಡೈ ಒಂದೇ ಮನೆತನದವೇ ಅಲ್ಲ. ಹಳೇ ಡೈ, ಹಳೇ ಜಾಕೆಟ್, ಹಳೇ ಸೀಸದ ತಂತಿ ತಗೊಂಡು ರೈಫಲ್ ಬುಲೆಟ್ ಸ್ವೇಜ್ ಮಾಡೋಕ್, ಅಂದ್ರೆ ತಣ್ಣಗಿರೋ ಲೋಹನ ಡೈಯೊಳಗೆ ಒತ್ತಿ ಬುಲೆಟ್ ಮಾಡೋಕ್, ಶುರು ಮಾಡಿರೋರು ನನ್ನ ತರ ಎರಡು ತಿಂಗಳು ಕಳ್ಕೋಬಾರ್ದು ಅಂತ ಇದನ್ನ ಬರೀತಿದೀನಿ.

ನಾನು ಇರೋದು ಅಮೆರಿಕದ ಐಡಾಹೋದಲ್ಲಿ, ಅದಕ್ಕೂ ಮುಂಚೆ ಒಂಬತ್ತು ವರ್ಷ ಪೀಣ್ಯದಲ್ಲಿ ಟೂಲ್ ರೂಮ್ ಕೆಲಸ. ಡೈ, ಪಂಚ್, ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಇದೆಲ್ಲ ಹೊಟ್ಟೆಪಾಡು ಆಗಿದ್ದೋನೇ, ಆದ್ರೂ ಮೋಸ ಹೋದೆ, ಯಾಕಂದ್ರೆ ಹಳೇ ಮರದ ಪೆಟ್ಟಿಗೇಲಿ ನೀಟಾಗಿ ಜೋಡಿಸಿಟ್ಟಿರೋ ಸಾಮಾನು ನೋಡಿದ್ರೆ ಅದು ಸೆಟ್ಟು ಅಂತಾನೇ ಮನಸು ನಂಬ್ಬಿಡುತ್ತೆ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಇಲ್ಲಿ ಸ್ವಂತ ಉಪಯೋಗಕ್ಕೆ ಬುಲೆಟ್ ಮಾಡ್ಕೊಳ್ಳೋಕೆ ಫೆಡರಲ್ ಲೈಸೆನ್ಸ್ ಬೇಡ, ವ್ಯಾಪಾರ ಮಾಡೋದಾದ್ರೆ ಬೇಕು. ಭಾರತದಲ್ಲಿ ಕಥೆನೇ ಬೇರೆ, 1959ರ ಆರ್ಮ್ಸ್ ಆಕ್ಟ್ ಪ್ರಕಾರ ಮದ್ದುಗುಂಡಿನ ಬಿಡಿಭಾಗ, ಅದನ್ನ ಮಾಡೋ ಯಂತ್ರ ಕೂಡ ಮದ್ದುಗುಂಡಿನ ಲೆಕ್ಕಕ್ಕೇ ಬರುತ್ತೆ, ಲೈಸೆನ್ಸ್ ಇಲ್ದೆ ಕೈ ಹಾಕೋ ಹಂಗಿಲ್ಲ. ಕೊಡಗಿನ ಫ್ರೆಂಡೊಬ್ಬ ನಮಗೆ ಕೋವಿಗೆ ವಿನಾಯ್ತಿ ಇದ್ಯಲ್ಲ, ನಾನೂ ಮಾಡ್ಲಾ ಅಂತ ಕೇಳ್ದ. ಇಲ್ಲ ಮಾರಾಯ, ವಿನಾಯ್ತಿ ಇರೋದು ಕೋವಿ ಇಟ್ಕೊಳ್ಳೋಕೆ, ಗುಂಡು ತಯಾರ್ಸೋಕಲ್ಲ.

ಸುಮ್ನೆ ಎರಡು ಮಾತು, ಏನಿದು ಕೆಲಸ ಅಂತ

ಸೀಸ ಕರಗಿಸಿ ಅಚ್ಚಿಗೆ ಸುರಿಯೋದಲ್ಲ ಇದು. ತಣ್ಣಗಿರೋ ಸೀಸದ ತುಂಡನ್ನ ತಾಮ್ರದ್ದೋ ಹಿತ್ತಾಳೇದೋ ಬಟ್ಲಲ್ಲಿ ಇಟ್ಟು ಡೈಯೊಳಗೆ ಒತ್ತಿ ಒತ್ತಿ ಆಕಾರಕ್ಕೆ ತರೋದು. ಬಟ್ಲಿಗೆ ಜಾಕೆಟ್ ಅಂತಾರೆ, ಸೀಸಕ್ಕೆ ಕೋರ್. ಮೊದಲು ಕೋರ್ ಡೈಯಲ್ಲಿ ತೂಕ ಸರಿ ಮಾಡ್ಬೇಕು, ಆಮೇಲೆ ಸೀಟಿಂಗ್ ಡೈಯಲ್ಲಿ ಕೋರನ್ನ ಜಾಕೆಟ್ಟಿಗೆ ಕೂರಿಸ್ಬೇಕು, ಕೊನೆಗೆ ಪಾಯಿಂಟ್ ಡೈಯಲ್ಲಿ ಮೂತಿ ಚೂಪು ಮಾಡ್ಬೇಕು. 22 ಕ್ಯಾಲಿಬರ್‌ಗೆ, ಅಂದ್ರೆ ಹತ್ತಿರ ಹತ್ತಿರ 0.22 ಇಂಚು ದಪ್ಪದ ಬುಲೆಟ್ಟಿಗೆ, ಇನ್ನೊಂದು ಮಜಾ ಇದೆ, ಹಾರಿಸಿ ಬಿಸಾಕಿರೋ 22 ಲಾಂಗ್ ರೈಫಲ್ ಗುಂಡಿನ ಖಾಲಿ ಹಿತ್ತಾಳೆ ಕೇಸನ್ನೇ ಜಾಕೆಟ್ ಮಾಡ್ಕೋಬಹುದು, ಅದರ ಅಂಚನ್ನ ಡೀರಿಮ್ ಡೈಯಲ್ಲಿ ಇಸ್ತ್ರಿ ಮಾಡ್ದಂಗೆ ನೇರ ಮಾಡಿದ್ರೆ ಆಯ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಅಂಗಡೀಲಿ ಬುಲೆಟ್ ಸಿಗ್ತಿರ್ಲಿಲ್ಲ, ಆಗ ವರ್ನಾನ್ ಸ್ಪೀರ್, ಜಾಯ್ಸ್ ಹಾರ್ನಡಿ ಅಂಥೋರು ಶುರು ಮಾಡಿದ್ದೂ ಇದೇ ಖಾಲಿ ಕೇಸಲ್ಲಿ, ಆಮೇಲೆ ಇಬ್ರೂ ದೊಡ್ಡ ಕಂಪನಿ ಕಟ್ಟಿದ್ರು. ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್ 1943ರಲ್ಲಿ ಶುರು ಮಾಡಿದ ಆರ್‌ಸಿಬಿಎಸ್ ಇದ್ಯಲ್ಲ, ಅದರ ಹೆಸರಿನ ಪೂರ್ತಿ ರೂಪನೇ ರಾಕ್ ಚಕ್ ಬುಲೆಟ್ ಸ್ವೇಜ್. ರಾಕ್ ಚಕ್ ಅಂದ್ರೆ ಈ ಕಡೆ ಬಂಡೆ ಸಂದೀಲಿ ಇರೋ ದಪ್ಪ ಅಳಿಲಿನಂಥ ಪ್ರಾಣಿ. ಈಗ ಎಲ್ರಿಗೂ ಆ ಹೆಸ್ರು ರೀಲೋಡಿಂಗ್ ಪ್ರೆಸ್ಸಿಂದ, ಅಂದ್ರೆ ಖಾಲಿ ಕೇಸಿಗೆ ಮತ್ತೆ ಮದ್ದು ಬುಲೆಟ್ ತುಂಬೋ ಪ್ರೆಸ್ಸಿಂದ ಗೊತ್ತು, ಹುಟ್ಟಿದ್ದು ಮಾತ್ರ ಸ್ವೇಜಿಂಗ್ ಡೈಯಿಂದ.

ನನ್ನ ಪೆಟ್ಟಿಗೇಲಿ ಇದ್ದಿದ್ದು ಒಂದು ಡೀರಿಮ್ ಡೈ, ಕೋರ್ ಡೈ, ಸೀಟಿಂಗ್ ಡೈ, ಪಾಯಿಂಟ್ ಡೈ, ಡೈಯೊಳಗೆ ಒತ್ತೋಕೆ ಒಂದಿಷ್ಟು ಪಂಚ್, ಒಂದು ಸುರುಳಿ ಸೀಸದ ತಂತಿ, ಅರ್ಧ ಡಬ್ಬಿ ಹಳೇ ತಾಮ್ರದ ಜಾಕೆಟ್. ಯಾವುದರ ಮೇಲೂ ಮಾಡಿದೋರ ಹೆಸರಿಲ್ಲ. ಥ್ರೆಡ್ ಎಲ್ಲಾ 7/8-14 (7/8 ಇಂಚು ಅಗಲ, ಇಂಚಿಗೆ 14 ಸುತ್ತು), ಅಂದ್ರೆ ಮಾಮೂಲಿ ರೀಲೋಡಿಂಗ್ ಪ್ರೆಸ್ಸಿಗೇ ಕೂರುತ್ತೆ.

ಸಿಕ್ಕಾಕೊಳ್ಳೋ ರೋಗ

ಎಲ್ರೂ ಮೊದಲು ಹೇಳೋದು ಲೂಬ್, ಅಂದ್ರೆ ಜಾರೋಕೆ ಹಚ್ಚೋ ಎಣ್ಣೆ, ಸಾಕಾಗಿಲ್ಲ ಅಂತ. ಹತ್ತರಲ್ಲಿ ಆರು ಸಲ ಅದು ನಿಜಾನೇ, ಅದಕ್ಕೇ ಮೊದಲು ಅದನ್ನ ಮುಗ್ಸಿಬಿಡಿ. ಇಲ್ಲಿ ಹಳಬರು ಬಳಸೋದು ಹರಳೆಣ್ಣೆ ಮತ್ತೆ ಲ್ಯಾನೋಲಿನ್, ಅಂದ್ರೆ ಕುರಿ ಉಣ್ಣೆ ಜಿಡ್ಡು. ನಾನು ಮೂರು ಪಾಲು ಹರಳೆಣ್ಣೆಗೆ ಒಂದು ಪಾಲು ಲ್ಯಾನೋಲಿನ್ ಬಿಸಿ ಮಾಡಿ ಕಲ್ಸಿಟ್ಕೊಂಡಿದೀನಿ. ಊರಿಂದ ಅಮ್ಮ ತಲೆಗೆ ಹಚ್ಕೋ ಅಂತ ಕಳ್ಸಿದ ಗಾಣದ ಹರಳೆಣ್ಣೆ, ತಲೇಲಿ ಕೂದ್ಲಿಲ್ಲ, ಡೈಗಾದ್ರೂ ಆಯ್ತು. ಹೆಬ್ಬೆರಳು ತೋರುಬೆರಳಿಗೆ ಒಂದು ಚೂರು ಸವರ್ಕೊಂಡು ಸೀಟ್ ಆಗಿರೋ ತುಂಡನ್ನ ಒಂದು ಸುತ್ತು ತಿರುಗ್ಸಿದ್ರೆ ಸಾಕು, ಮುಟ್ಟಿದ್ರೆ ಜಾರ್ಬೇಕು, ನೋಡಿದ್ರೆ ಎಣ್ಣೆ ಕಾಣ್ಬಾರ್ದು. ಜಾಸ್ತಿ ಹಚ್ಚಿದ್ರೆ ಎಣ್ಣೆಗೆ ಹೋಗೋಕೆ ಜಾಗ ಇಲ್ದೆ ಮೂತಿ ಮೇಲೆ ಉಗುರು ಒತ್ತಿದಂಗೆ ಸಣ್ಣ ಸಣ್ಣ ಗುಳಿ ಬೀಳುತ್ತೆ, ಆ ಗುಳಿ ನೋಡಿ ಡೈ ಹಾಳಾಗಿದೆ ಅಂತ ಗಾಬರಿ ಬೀಳ್ಬೇಡಿ, ಡೈ ಒರ್ಸಿ ಮುಂದಿಂದನ್ನ ಒಣಕಲಾಗಿ ಮಾಡಿ ನೋಡಿ.

ಲೂಬ್ ಸರಿ ಇದ್ದೂ ಸಿಕ್ಕಾಕೊಂಡ್ರೆ ಒತ್ತಡ. ಪ್ರೆಸ್ ಹಿಡಿಗೆ ಬಲ ಜಾಸ್ತಿ ಬರೋದು ಸ್ಟ್ರೋಕಿನ ಕೊನೇಲಿ, ಅಲ್ಲಿ ಕಾಲು ಸುತ್ತು ಡೈ ಜಾಸ್ತಿ ಇಳಿಸಿದ್ರೂ ಒಳಗೆ ಒತ್ತಡ ಎಲ್ಲಿಗೋ ಹೋಗುತ್ತೆ. ಮೂತಿ ತುದಿ ಪಿನ್ನಿನ ಅಗಲಕ್ಕಿಂತ ಚೂರು ದೊಡ್ಡದಾಗಿ ನಿಲ್ಲೋ ಹಂಗೆ ಡೈನ ಮೇಲೇ ಇಟ್ಕೊಳ್ಳಿ, ಸೂಜಿ ತರ ಚೂಪು ಮಾಡೋಕೆ ಹೋದ್ರೆ ಪಿನ್ ಸೀಸದೊಳಗೆ ತೂರಿಕೊಂಡು ಬುಲೆಟ್ ಅಲ್ಲೇ ಉಳಿಯುತ್ತೆ. ಸೀಸ ಗಟ್ಟಿ ಇದ್ರೂ ಇದೇ ಗತಿ. ಚಕ್ರಕ್ಕೆ ಹೊಡೆಯೋ ತೂಕದ ಸೀಸ ಎಲ್ಲಾ ಕರಗಿಸಿ ಮಾಡಿದ ಕೋರ್ ಈ ಸಣ್ಣ ಡೈಗಳಿಗೆ ಬೇಡವೇ ಬೇಡ, ಉಗುರಲ್ಲಿ ಗೀಚಿದ್ರೆ ಗೆರೆ ಬೀಳೋ ಶುದ್ಧ ಸೀಸ, ಗಟ್ಟಿತನದ ಬ್ರಿನೆಲ್ ಅಳತೇಲಿ 5ರ ಆಸುಪಾಸಿಂದು, ಅದೇ ಬೇಕು. ಗಟ್ಟಿ ಸೀಸಕ್ಕೆ ಹಟ ಹಿಡಿದು ಒತ್ತಿದ್ರೆ ಡೈ ಸೀಳೋ ಚಾನ್ಸ್ ಇದೆ, ಸೇಫ್ಟಿ ಕನ್ನಡಕ ಹಾಕ್ಕೊಳ್ಳಿ.

ನಾನು ಇದೆಲ್ಲಾ ಮಾಡ್ದೆ. ಎಣ್ಣೆ ಸರಿ, ಒತ್ತಡ ಕಡಿಮೆ, ಸೀಸ ಮೆತ್ತಗೆ, ಪಿಯಾನೋ ತಂತೀಲಿ ಹೊಸ ಪಿನ್ ಕತ್ತರಿಸಿ ಮೂತಿ ಚಪ್ಪಟೆ ಮಾಡಿ ಹಾಕ್ದೆ. ಮೂರು ಬುಲೆಟ್ ಬಂತು, ನಾಲ್ಕನೇದು ಮತ್ತೆ ಟಕ್.

ಆಗ್ಲೇ ಮಾಡ್ಬೇಕಿದ್ದ ಕೆಲಸ ಆಮೇಲೆ ಮಾಡ್ದೆ. ಮಂಗಳವಾರ ರಾತ್ರಿ, ಹೊರಗೆ ಹಿಮ ಬೀಳ್ತಿದೆ, ಗ್ಯಾರೇಜ್ ದೀಪದ ಕೆಳಗೆ ಸೀಟಿಂಗ್ ಆದ ಒಂದು ತುಂಡು ತಗೊಂಡು ಪಾಯಿಂಟ್ ಡೈ ಬಾಯಿಗೆ ಬರೀ ಬೆರಳಲ್ಲಿ ಇಟ್ಟೆ. ಅದು ಜಾರಿ ಒಳಗೆ ಹೋಗಿ ಮೂತಿ ತಿರುವು ಶುರುವಾಗೋ ಜಾಗದಲ್ಲಿ ನಿಲ್ಬೇಕು. ಇದು ಬಾಯಲ್ಲೇ ನಿಂತೋಯ್ತು. ತಿರುಗ್ಸಿದೆ, ಎಣ್ಣೆ ಹಚ್ಚಿದೆ, ಇನ್ನೊಂದು ತುಂಡು ನೋಡ್ದೆ, ಊಹೂಂ, ಬಾಯಲ್ಲೇ. ನೋಡಿ, ಇಷ್ಟೇ ಟೆಸ್ಟು, ಪ್ರೆಸ್ ಬೇಡ ಏನೂ ಬೇಡ, ಪೆಟ್ಟಿಗೆ ಮನೆಗೆ ತಂದ ದಿನವೇ ಮಾಡಿದ್ರೆ ಆರು ಪಿನ್ ಉಳೀತಿತ್ತು.

ಅಲ್ಲಿವರೆಗೂ ನಾನು ಅಳೀತಿದ್ದಿದ್ದು ಡಿಜಿಟಲ್ ಕ್ಯಾಲಿಪರ್‌ನಲ್ಲಿ. ಅದು ಒಂದು ಸಲ 0.223 ಇಂಚು ಅನ್ನೋದು, ಇನ್ನೊಂದು ಸಲ 0.224 ಅನ್ನೋದು, ನಾನು ಎಲ್ಲಾ ಒಂದೇ ಅಂದ್ಕೊಂಡೆ. ಕ್ಯಾಲಿಪರ್ ನಂಬಿ ಸ್ವೇಜಿಂಗ್ ಮಾಡೋದು ತರಕಾರಿ ತಕ್ಕಡೀಲಿ ಚಿನ್ನ ತೂಗ್ದಂಗೆ. ಅವತ್ತು ಊರಿಂದ ತಂದಿದ್ದ ಹಳೇ ಮಿಟುಟೊಯೊ ಮೈಕ್ರೋಮೀಟರ್ ತೆಗೆದೆ, ಇಂಚಿನ ಹತ್ತುಸಾವಿರದ ಒಂದು ಭಾಗ ಓದೋದು. ಸೀಟಿಂಗ್ ಡೈಯಿಂದ ಬಂದ ತುಂಡು 0.2236. ಹೆಂಗೋ ಆಚೆ ಬಂದಿದ್ದ ಮುಗಿದ ಬುಲೆಟ್ 0.2231.

ಇಲ್ಲೇ ಇರೋದು ಸ್ವೇಜಿಂಗಿನ ಪ್ರಾಣ. ಪ್ರತಿ ಹಂತದಲ್ಲೂ ದಪ್ಪ ಚೂರು ಚೂರೇ ಹೆಚ್ಚಾಗ್ಬೇಕು, ಎಲ್ಲೂ ಕಮ್ಮಿ ಆಗ್ಬಾರ್ದು. ಜಾಕೆಟ್ ಸೀಟಿಂಗ್ ಡೈಗಿಂತ ಸಣ್ಣ, ಸೀಟಿಂಗ್ ಡೈ ಪಾಯಿಂಟ್ ಡೈಗಿಂತ ಸಣ್ಣ, ಇಂಚಿನ ಲೆಕ್ಕದಲ್ಲಿ ಮೂರರಿಂದ ಐದು ಹತ್ತುಸಾವಿರಾಂಶ ಅಂತರ ಸಾಕು, ಸುಮಾರು 8ರಿಂದ 13 ಮೈಕ್ರಾನ್. ನಂದು ಉಲ್ಟಾ ಇತ್ತು, 0.2236ರ ಸಾಮಾನನ್ನ 0.223ರ ತೂತಿಗೆ ತುರುಕ್ತಿದ್ದೆ, ಚಿಕ್ಕವನ ಚಪ್ಲಿಗೆ ದೊಡ್ಡವನ ಕಾಲು.

ಹಾಗಾದ್ರೆ ಪಾಯಿಂಟ್ ಡೈ ಸವೆದಿದ್ಯಾ? ಅಲ್ಲ, ಸ್ವಲ್ಪ ಯೋಚ್ನೆ ಮಾಡಿ, ಸವೆದ ಡೈ ದಪ್ಪ ಬುಲೆಟ್ ಕೊಡುತ್ತೆ, ಸಣ್ಣ ಬುಲೆಟ್ ಕೊಡೋಕೆ ಸಾಧ್ಯನೇ ಇಲ್ಲ. ಸಣ್ಣ ಬರ್ತಿದೆ ಅಂದ್ರೆ ಅದನ್ನ ಮಾಡಿದ್ದೇ ಹಂಗೆ. 22 ಹಾರ್ನೆಟ್ ಅನ್ನೋ ಕಾರ್ಟ್ರಿಜ್ (ಬುಲೆಟ್, ಕೇಸ್, ಮದ್ದು ಸೇರಿದ ಪೂರ್ತಿ ಗುಂಡು) 1930ರ ಸುಮಾರಿಗೆ ಬಂದಾಗ ಅದರ ಹಳೇ ಬ್ಯಾರಲ್‌ಗಳು 0.223 ಇದ್ವು, ಆಮೇಲಿನ 22 ಕ್ಯಾಲಿಬರ್‌ಗಳು 0.224ಕ್ಕೆ ನಿಂತ್ವು. ನನ್ನ ಪಾಯಿಂಟ್ ಡೈ ಹಾರ್ನೆಟ್ ಕಾಲದ್ದು, ಸೀಟಿಂಗ್ ಡೈ ಆಮೇಲಿಂದು, ಯಾರೋ ಪುಣ್ಯಾತ್ಮ ಎರಡನ್ನೂ ಒಂದೇ ಪೆಟ್ಟಿಗೇಲಿ ಮಡಗಿದಾನೆ. ಇದು 22ಕ್ಕೆ ಮಾತ್ರ ಅಲ್ಲ. 22 ಸ್ಯಾವೇಜ್ ಹೈ ಪವರ್ ಅನ್ನೋದು ಹೆಸರಿಗೆ 22, ಬುಲೆಟ್ಟು 0.228. ಜರ್ಮನ್ 8 ಎಂಎಂ ಅಂತೂ ಹಳೇದು 0.318, ಹೊಸದು 0.323, ಅಲ್ಲಿ ಅದಲು ಬದಲಾದ್ರೆ ಬರೀ ಪಿನ್ ಬಗ್ಗಲ್ಲ, ಗನ್ನಿಗೇ ಅಪಾಯ. ಪೆಟ್ಟಿಗೆ ಮೇಲೆ ಬರೆದಿರೋ ಹೆಸರು ನಂಬ್ಬೇಡಿ, ಒಂದೊಂದು ಡೈನೂ ಅನಾಥ ಅಂತಾನೇ ತಿಳ್ಕೊಂಡು ಅಳೀರಿ.

ಸೀಟಿಂಗ್ ಡೈ ಅಳೆಯೋದು ಸುಲಭ, ಜಾಕೆಟ್ ಇಲ್ದೆ ಬರೀ ಶುದ್ಧ ಸೀಸದ ತುಂಡು ಹಾಕಿ ಒತ್ತಿ, ಆಚೆ ತಗೊಂಡು ಮೈಕ್ರೋಮೀಟರ್ ಹಿಡೀರಿ, ಸೀಸ ವಾಪಸ್ ಪುಟಿಯಲ್ಲ, ಡೈ ಎಷ್ಟಿದ್ಯೋ ಅಷ್ಟೇ ಹೇಳುತ್ತೆ. ಪಾಯಿಂಟ್ ಡೈಗೆ ಮಾತ್ರ ಈ ಉಪಾಯ ಮಾಡ್ಬೇಡಿ, ಅಲ್ಲಿ ಆಚೆ ತಳ್ಳೋ ಪಿನ್ ಸಣ್ಣದು, ಬರೀ ಸೀಸದೊಳಗೆ ಬೆಣ್ಣೇಲಿ ಕಡ್ಡಿ ಚುಚ್ಚಿದಂಗೆ ತೂರಿಕೊಂಡೋಗುತ್ತೆ. ಅದಕ್ಕೆ ಪ್ಲಗ್ ಗೇಜ್, ಅಂದ್ರೆ ತೂತಿಗೆ ಹಾಕಿ ನೋಡೋ ಖಚಿತ ಅಳತೆಯ ಕಡ್ಡಿ, ಇದ್ರೆ ಗೇಜು, ಇಲ್ದಿದ್ರೆ ನಾನು ಹೇಳಿದ ಬೆರಳಿನ ಟೆಸ್ಟು.

ಒಳಗೆ ಸಿಕ್ಕಿರೋದನ್ನ ತೆಗೆಯೋದು ಹೆಂಗೆ ಅಂತ ಕೇಳ್ತೀರ. ಡ್ರಿಲ್ ಹಾಕ್ಬೇಡಿ, ಒಂದು ಗೀರು ಬಿದ್ರೆ ಡೈ ಮುಗೀತು. ಗ್ಯಾಸ್ ಟಾರ್ಚಿನ ಬೆಂಕಿ ಹಿಡಿದು ಸೀಸ ಕರಗಿಸೋಣ ಅಂತಲೂ ಹೋಗ್ಬೇಡಿ, ಸೀಸ ಕರಗೋದು 327 ಡಿಗ್ರೀಲಿ, ಅಷ್ಟು ಬಿಸಿಗೆ ಡೈ ಸ್ಟೀಲಿನ ಗಟ್ಟಿತನ ಇಳಿದುಬಿಡಬಹುದು. ನಾನು ಡೈನ ಪ್ರೆಸ್ಸಿಂದ ಬಿಚ್ಚಿ, ತೆಳು ಎಣ್ಣೆ ಬಿಟ್ಟು, ಒಂದು ರಾತ್ರಿ ಹೊರಗೆ ಹಿಮದಲ್ಲಿ ಇಡ್ತೀನಿ. ತಣ್ಣಗಾದ್ರೆ ಸೀಸ ಸ್ಟೀಲಿಗಿಂತ ಎರಡರಷ್ಟಕ್ಕಿಂತ ಜಾಸ್ತಿ ಕುಗ್ಗುತ್ತೆ, ಹಿತ್ತಾಳೇನೂ ಸ್ಟೀಲಿಗಿಂತ ಜಾಸ್ತಿ. 40 ಡಿಗ್ರಿ ಇಳಿದ್ರೆ ಸಿಗೋದು ಒಂದೆರಡು ಮೈಕ್ರಾನ್ ಅಷ್ಟೇ, ಆದ್ರೆ ಇಲ್ಲಿ ಜಗಳ ನಡೀತಿರೋದೂ ಮೈಕ್ರಾನಲ್ಲೇ ತಾನೆ. ಬೆಳಿಗ್ಗೆ ಎದ್ದು ತಂಪು ಆರೋಕ್ ಮುಂಚೆ, ಉದ್ದ ಪಿನ್ ಬಿಟ್ಟು ಗಿಡ್ಡ ಗಟ್ಟಿ ಪಿನ್ ಇಟ್ಟು, ಮೆತ್ತಗೆ ತಳ್ಳದೆ ಒಂದೇ ಏಟು. ಉದ್ದ ಪಿನ್ನು ಬಗ್ಗುತ್ತೆ, ಗಿಡ್ಡದು ಬಗ್ಗಲ್ಲ. ಆರರಲ್ಲಿ ನಾಲ್ಕು ಹಿಂಗೇ ಬಂತು. ಉಳಿದೆರಡಕ್ಕೆ ಮೊದಲು ಗಿಡ್ಡದು, ಆಮೇಲೆ ಅದಕ್ಕಿಂತ ಚೂರು ಉದ್ದದ್ದು, ಹಂಗೆ ಮೂರು ಪಿನ್ ಬದಲಾಯಿಸಿ ಒಂದು ಭಾನುವಾರ ಪೂರ್ತಿ ಹೋಯ್ತು.

ಕಿವಿ ಹತ್ರ ಅಲ್ಲಾಡ್ಸಿದ್ರೆ ಗಿಲಕಿ ತರ ಸದ್ದು

ನನ್ನ ಬುಲೆಟ್‌ಗಳಿಗೆ ಎರಡನೇ ಕಾಯಿಲೆನೂ ಇತ್ತು, ಒಳಗೆ ಕೋರ್ ಸಡಿಲ, ಅದನ್ನ ಬೇರೆ ಕಾಯಿಲೆ ಅಂದ್ಕೊಂಡಿದ್ದೆ, ಬೇರು ಒಂದೇ. ಕೆಲವನ್ನ ಅಲ್ಲಾಡ್ಸಿದ್ರೆ ಏನೂ ಕೇಳಲ್ಲ, ಆದ್ರೆ ಉದ್ದಕ್ಕೆ ಅರದಲ್ಲಿ ಅರ್ಧ ತೇದು ನೋಡಿ, ಸೀಸಕ್ಕೂ ಹಿತ್ತಾಳೆಗೂ ಮಧ್ಯೆ ಪೆನ್ಸಿಲ್ಲಲ್ಲಿ ಎಳೆದಂಗೆ ಕಪ್ಪು ಗೆರೆ ಕಂಡ್ರೆ ಕೋರ್ ಹಿಡ್ಕೊಂಡಿಲ್ಲ ಅಂತ. ಸರಿಯಾಗಿ ಕೂತಿದ್ರೆ ಬೆಳ್ಳಿ ಬಣ್ಣ ಮುಗಿದ ಕಡೆ ಹಳದಿ ಶುರು, ನಡುವೆ ಏನೂ ಇಲ್ಲ.

ಯಾಕೆ ಬಿಡುತ್ತೆ ಅಂದ್ರೆ, ಸೀಸ ಒತ್ತಿದ ಕಡೆ ಒತ್ತಿದಂಗೆ ಇರುತ್ತೆ, ಹಿತ್ತಾಳೆ ಮಾತ್ರ ಒತ್ತಡ ತೆಗೆದ ಮೇಲೆ ಚೂರು ಹಿಂದಕ್ಕೆ ಪುಟಿಯುತ್ತೆ. ಒಳಗಿಂದ ಉಬ್ಬಿಸಿದ್ರೆ ಜಾಕೆಟ್ ವಾಪಸ್ ಒಳಗೆ ಪುಟಿದು ಸೀಸನ ತಬ್ಕೊಳ್ಳುತ್ತೆ. ಹೊರಗಿಂದ ಹಿಂಡಿ ಸಣ್ಣ ಮಾಡಿದ್ರೆ ಜಾಕೆಟ್ ಹೊರಗಡೆಗೆ ಪುಟಿಯುತ್ತೆ, ಸೀಸ ಅಲ್ಲೇ ಉಳಿಯುತ್ತೆ, ಸಂದಿ ಬೀಳುತ್ತೆ. ಸಿಕ್ಕಾಕೊಳ್ಳೋದು ಮತ್ತೆ ಕೋರ್ ಸಡಿಲ, ಎರಡೂ ಒಟ್ಟಿಗೆ ಕಂಡ್ರೆ ಎಣ್ಣೆ ಡಬ್ಬಿ ಪಕ್ಕಕ್ಕಿಟ್ಟು ಸೀದಾ ಮೈಕ್ರೋಮೀಟರ್ ತಗೊಳ್ಳಿ, ಡೈ ಕ್ರಮ ಉಲ್ಟಾ ಆಗಿರೋದಕ್ಕೆ ಇದಕ್ಕಿಂತ ಒಳ್ಳೇ ಸಾಕ್ಷಿ ನಂಗೆ ಗೊತ್ತಿಲ್ಲ.

ಬರೀ ಕೋರ್ ಸಡಿಲ, ಸಿಕ್ಕಾಕೊಳ್ತಿಲ್ಲ ಅಂದ್ರೆ ಎರಡೇ ಕಾರಣ. ಒಂದು, ಸೀಟಿಂಗ್ ಒತ್ತಡ ಸಾಲ್ತಿಲ್ಲ: ಸರಿಯಾಗಿ ಕೂತ ತುಂಡು ಡೈ ಗೋಡೆ ಹಿಡ್ಕೊಂಡು ಒಳಗೇ ಉಳೀಬೇಕು, ತಳ್ಳಿದ್ರೆ ಬರ್ಬೇಕು, ಪ್ರೆಸ್ಸಿನ ರ್ಯಾಮ್ (ಮೇಲೆ ಕೆಳಗೆ ಓಡಾಡೋ ಕಂಬ) ಇಳಿಸಿದ ತಕ್ಷಣ ಪಂಚ್ ಜೊತೆ ತಾನಾಗೇ ಆಚೆ ಬಂದ್ರೆ ಇನ್ನೂ ಉಬ್ಬಿಲ್ಲ ಅಂತ. ಎರಡು, ಜಿಡ್ಡು. ಹಳೇ ಸಾಮಾನಲ್ಲಿ ಇದು ತುಂಬಾ. ನನ್ನ ಹಳೇ ತಾಮ್ರದ ಜಾಕೆಟ್ ಒಳಗೆ ಕಾರ್ಖಾನೆಯ ಎಣ್ಣೆ ಒಣಗಿ ವಾರ್ನಿಷ್ ತರ ಕೂತಿತ್ತು, ಅಸಿಟೋನಲ್ಲಿ ಎರಡು ಸಲ ನೆನೆಸ್ಬೇಕಾಯ್ತು. ಸೀಸದ ತಂತಿ ಮೇಲೆ ಬಿಳೀ ಪುಡಿ. ಸೀಸನ ಮರದ ಪೆಟ್ಟಿಗೇಲಿ, ಅದರಲ್ಲೂ ಓಕ್ ಮರದ್ದರಲ್ಲಿ ವರ್ಷಾನುಗಟ್ಲೆ ಇಟ್ರೆ ಮರದಿಂದ ಬರೋ ಆಮ್ಲದ ಆವಿಗೆ ಹಿಂಗೆ ಬಿಳಿಚಿಕೊಳ್ಳುತ್ತೆ. ಅದು ವಿಷ, ಒಣಗಿದ್ದಾಗ ಉಜ್ಜಬೇಡಿ, ಗ್ಲೌಸ್ ಹಾಕ್ಕೊಂಡು ಒದ್ದೆ ಬಟ್ಟೇಲಿ ಒರ್ಸಿ ಬಟ್ಟೆ ಬೇರೆ ಕವರಿಗೆ ಹಾಕಿ. ಹೊಳಪು ಬರ್ದಿದ್ರೆ ಆ ತಂತಿ ಬಿಟ್ಬಿಡಿ, ಡೈಗೂ ಅದು ಉಪ್ಪುಕಾಗದ ಇದ್ದಂಗೆ.

ಮೂತೀಲಿ ಮಡಿಕೆ

ಸೀರೆ ನೆರಿಗೆ ತರ ಮೂತಿ ಸುತ್ತ ಎರಡೋ ಮೂರೋ ಮಡಿಕೆ. ಖಾಲಿ ಕೇಸಿಂದ ಮಾಡಿದ ಜಾಕೆಟ್ಟಲ್ಲಿ ಇದು ಮಾಮೂಲಿ, ಕಾರಣ ಹಿತ್ತಾಳೆ ಗಟ್ಟಿಯಾಗಿರೋದು. ಬಿಸಿ ಮಾಡಿ ಮೆತ್ತಗೆ ಮಾಡ್ಬೇಕು. ಆದ್ರೆ ಬಿಸಿ ಮಾಡೋಕ್ ಮುಂಚೆ ಒಂದು ವಿಷಯ, ಶೂಟಿಂಗ್ ರೇಂಜಿಂದ ಗುಡಿಸಿ ತಂದ ಕೇಸ್ ರಾಶೀಲಿ ಹಾರದೆ ಉಳಿದ ಜೀವಂತ ಗುಂಡು ಇರ್ತಾವೆ, ನಂಗೆ ಒಂದು ಬಕೆಟ್ಟಲ್ಲಿ ಮೂರು ಸಿಕ್ತು. ಒಂದೊಂದೇ ಬಾಯಿ ನೋಡಿ, ದೀಪದ ಕೆಳಗೆ, ಅವಸರ ಇದ್ರೆ ಅವತ್ತು ಮಾಡ್ಬೇಡಿ.

ಆಮೇಲೆ ತೊಳೆಯೋದು. 22 ಕೇಸಿನ ಅಂಚಿನ ಮಡಿಕೇಲಿ ಪ್ರೈಮರ್, ಅಂದ್ರೆ ಮದ್ದಿಗೆ ಕಿಡಿ ಹೊತ್ತಿಸೋ ಸಾಮಾನು, ಅದರ ಮಸಿ ಇರುತ್ತೆ, ಅದರಲ್ಲಿ ಸೀಸ ಇರುತ್ತೆ, ಬಹಳಷ್ಟು ಬ್ರ್ಯಾಂಡಲ್ಲಿ ನುಣ್ಣಗೆ ಪುಡಿ ಮಾಡಿದ ಗಾಜೂ ಇರುತ್ತೆ. ಹೌದು, ಗಾಜು, ಉಜ್ಜಿ ಕಿಡಿ ಹತ್ಲಿ ಅಂತ ಹಾಕ್ತಾರೆ. ಆ ಅಂಚನ್ನ ನೀವು ಡೀರಿಮ್ ಡೈಯಲ್ಲಿ ಬಿಚ್ಚಿದಾಗ ಗಾಜಿನ ಪುಡಿ ಆಚೆ ಬಂದು ಡೈ ಗೀಚುತ್ತೆ. ಬಿಸಿ ನೀರು, ಸೋಪು, ಜೊತೆಗೆ ಇಲ್ಲಿನೋರು ಸಿಟ್ರಿಕ್ ಆಸಿಡ್ ಹಾಕ್ತಾರೆ, ನಾನು ಹುಣಸೆಹಣ್ಣು. ದೇವರ ದೀಪ ಉಜ್ಜೋಕೆ ಅಜ್ಜಿ ಬಳಸ್ತಿದ್ದಿದ್ದೇ, ಹಿತ್ತಾಳೆ ಹಿತ್ತಾಳೇನೇ. ಪಾತ್ರೆ ಮಾತ್ರ ಅಡುಗೆ ಮನೇದು ಬೇಡ, ಸೀಸದ ಮಸಿ ತೊಳೆದ ಪಾತ್ರೇಲಿ ಮತ್ತೆ ಸಾರು ಮಾಡೋ ಹಂಗಿಲ್ಲ. ಅಮೋನಿಯಾ ಇರೋ ಕ್ಲೀನರ್ ಮುಟ್ಟಬೇಡಿ, ಹಿತ್ತಾಳೆ ಒಳಗಿಂದ ಬಿರುಕು ಬಿಡುತ್ತೆ.

ಬಿಸಿ ಮಾಡೋದು ಡೀರಿಮ್ ಆದ ಮೇಲೆ. ಮೊದಲೇ ಮೆತ್ತಗೆ ಮಾಡಿದ್ರೆ ಡೀರಿಮ್ ಪಂಚ್ ತಳ ತೂತು ಮಾಡ್ಕೊಂಡು ಆಚೆ ಬರುತ್ತೆ, ನಂದು ಹನ್ನೆರಡು ಹಂಗೇ ಹೋದ್ವು. ಕತ್ತಲೆ ಗ್ಯಾರೇಜಲ್ಲಿ ಮಂಕಾಗಿ ಕೆಂಪು ಕಂಡ್ರೆ ಸಾಕು, ಕಿತ್ತಲೆ ಬಣ್ಣಕ್ಕೆ ಹೋದ್ರೆ ಸುಟ್ಟೋಯ್ತು. ನೀರಿಗೆ ಹಾಕ್ಬೇಕಾ ಬೇಡ್ವಾ ಅಂತ ತಲೆ ಕೆಡಿಸ್ಕೋಬೇಡಿ, ಸ್ಟೀಲ್ ಲೆಕ್ಕ ಇದಕ್ಕಿಲ್ಲ, ಹಿತ್ತಾಳೆ ನೀರಲ್ಲಿ ಹಾಕಿದ್ರೆ ಗಟ್ಟಿ ಆಗಲ್ಲ, ಆದ್ರೆ ಒಳಗೆ ನೀರು ಉಳಿದ್ರೆ ಕೋರ್ ಸರಿಯಾಗಿ ಕೂರಲ್ಲ. ಸುಮ್ನೆ ಆರೋಕ್ ಬಿಡಿ.

ಮೆತ್ತಗೆ ಮಾಡಿಯೂ ಮಡಿಕೆ ಬಂದ್ರೆ ಜಾಕೆಟ್ ಉದ್ದಕ್ಕೆ ಕೋರ್ ಸಾಲ್ತಿಲ್ಲ, ಒಳಗೆ ಆಸರೆ ಇಲ್ದಿರೋ ಭಾಗ ಮಡಚ್ಕೊಳ್ತಿದೆ. ಲಾಂಗ್ ರೈಫಲ್ ಕೇಸಲ್ಲಿ 52, 55 ಗ್ರೇನ್ (ಒಂದು ಗ್ರೇನ್ ಅಂದ್ರೆ ಸುಮಾರು 65 ಮಿಲಿಗ್ರಾಂ) ತೂಕದ ಬುಲೆಟ್ ಚೆನ್ನಾಗಿ ಬರುತ್ತೆ, 40 ಮಾಡ್ತೀನಿ ಅಂದ್ರೆ ಮೂತಿ ಖಾಲಿ ಉಳಿಯುತ್ತೆ. 40ಕ್ಕೆ ಅದಕ್ಕಿಂತ ಗಿಡ್ಡ ಇರೋ 22 ಶಾರ್ಟ್ ಕೇಸ್ ಹುಡುಕಿ. ತೆಳು ಹಿತ್ತಾಳೆ ಜಾಕೆಟ್ ಆಗಿರೋದ್ರಿಂದ ಸೆಕೆಂಡಿಗೆ 3,200 ಅಡಿ ಆಸುಪಾಸಿನ ಒಳಗೆ ಇಟ್ಕೊಂಡ್ರೆ ಒಳ್ಳೇದು, ಅದಕ್ಕಿಂತ ಜೋರು ಓಡ್ಸಿದ್ರೆ ಕೆಲವು ಟಾರ್ಗೆಟ್ ತಲುಪೋಕ್ ಮುಂಚೆನೇ ಗಾಳೀಲಿ ಒಡೆದೋಗ್ತವೆ.

ತೂಕ ಕುಣಿದಾಡೋದು, ಇನ್ನ ಚಿಲ್ಲರೆ ತೊಂದ್ರೆ

ಇದಕ್ಕೆ ಲೆಕ್ಕ ನೋಡಿದ್ರೆ ಅರ್ಧ ಉತ್ತರ ಸಿಗುತ್ತೆ. 3/16 ಇಂಚಿನ ತಂತೀಲಿ ಒಂದು ಮಿಲಿಮೀಟರ್ ಉದ್ದ ಅಂದ್ರೆ ಸುಮಾರು 3 ಗ್ರೇನ್ ಸೀಸ. ಕತ್ತರಿಸುವಾಗ ಕೂದಲೆಳೆಯಷ್ಟು ಅಂದ್ರೆ 0.1 ಮಿಲಿಮೀಟರ್ ತಪ್ಪಿದ್ರೂ 0.3 ಗ್ರೇನ್. ಅದಕ್ಕೇ ಯಾರೂ ಕತ್ತರಿ ನಂಬಲ್ಲ, ಎರಡು ಮೂರು ಗ್ರೇನ್ ಜಾಸ್ತಿ ಕತ್ತರಿಸಿ ಕೋರ್ ಡೈಯಲ್ಲಿ ಒತ್ತಿ ಹೆಚ್ಚಿಗೇದನ್ನ ಪಕ್ಕದ ಸಣ್ಣ ತೂತಿಂದ ಶ್ಯಾವಿಗೆ ತರ ಆಚೆ ಬಿಡ್ತಾರೆ. 52 ಗ್ರೇನ್ ಬುಲೆಟ್ಟಿಗೆ ಜಾಕೆಟ್ ಹತ್ತಿರ ಹತ್ತಿರ 10 ತೂಗಿದ್ರೆ ಕೋರ್ 42 ಬೇಕು, ನಾನು 45ಕ್ಕೆ ಕತ್ತರಿಸ್ತೀನಿ, ಅಂದ್ರೆ 14.5 ಮಿಲಿಮೀಟರ್. ಶ್ಯಾವಿಗೆ ಎಲ್ಲಾ ತೂತಿಂದಲೂ ಬರ್ತಿದ್ಯಾ ನೋಡಿ, ಹಳೇ ಡೈಯಲ್ಲಿ ಒಂದೆರಡು ತೂತು ಕಟ್ಟಿರುತ್ತೆ. ಶ್ಯಾವಿಗೆ ಬರಲೇ ಇಲ್ಲ ಅಂದ್ರೆ ಆ ಕೋರ್ ಮೊದಲೇ ಕಮ್ಮಿ ತೂಕದ್ದು, ಪಕ್ಕಕ್ಕಿಡಿ. ಹಿಡೀನ ಒಂದು ಸಲ ಪಟ್ಟಂತ ಒಂದು ಸಲ ನಿಧಾನ ಒತ್ತಿದ್ರೂ ತೂಕ ಬದಲಾಗುತ್ತೆ, ಕೆಳಗೆ ಒಂದೆರಡು ಸೆಕೆಂಡ್ ತಡೆದು ನಿಲ್ಸಿ.

ಸೀಟಿಂಗಲ್ಲಿ ಪಂಚ್ ಸುತ್ತ ಸೀಸ ಮೇಲಕ್ಕೆ ಉಕ್ಕಿ ಬಂದ್ರೆ ಪಂಚ್ ಸಣ್ಣದು, ಜಾಕೆಟ್ ಬಾಯಿ ಹರಿದ್ರೆ ಪಂಚ್ ದೊಡ್ಡದು. ಅಂಗಡಿ ಜಾಕೆಟ್ಟಿಗೂ ಕೇಸ್ ಜಾಕೆಟ್ಟಿಗೂ ಒಂದೇ ಪಂಚ್ ನಡೆಯಲ್ಲ, ಗೋಡೆ ದಪ್ಪ ಬೇರೆ. ಬುಲೆಟ್ ತುದೀಲಿ ಸೀಸದ ಮೀಸೆ ಬಂದ್ರೆ ಇಜೆಕ್ಟರ್ ಪಿನ್ ಸವೆದು ತೂತಲ್ಲಿ ಸಡಿಲ ಆಗಿದೆ, ಹೊಸ ಪಿನ್ ಹಾಕಿ.

ಮೈ ಮೇಲೆ ಗೀರು ಬಂದ್ರೆ ಅದು ಡೈದಾ ಜಾಕೆಟ್ಟಿಂದಾ ಅಂತ ತಿಳ್ಕೊಳ್ಳೋಕೆ ಮಾರ್ಕರ್ ಪೆನ್ ಸಾಕು. ಡೈ ಬಾಯಿ ಮೇಲೆ 12 ಗಂಟೆ ಜಾಗಕ್ಕೆ ಒಂದು ಚುಕ್ಕೆ, ಜಾಕೆಟ್ ತಳದಲ್ಲಿ ಒಂದು ಚುಕ್ಕೆ, ಒಂದನ್ನ ಚುಕ್ಕೆಗೆ ಚುಕ್ಕೆ ಸೇರಿಸಿ ಮಾಡಿ, ಮುಂದಿಂದನ್ನ ಕಾಲು ಸುತ್ತು ತಿರುಗ್ಸಿ ಮಾಡಿ. ಗೀರು ಯಾವಾಗ್ಲೂ ಡೈ ಚುಕ್ಕೆಗೆ ಅಷ್ಟೇ ದೂರದಲ್ಲಿ ಬಂದ್ರೆ ಡೈಯಲ್ಲಿ ತುಕ್ಕು ಗುಳಿನೋ ಗೀರೋ ಇದೆ, ಜಾಕೆಟ್ ಚುಕ್ಕೆ ಜೊತೆ ತಿರುಗಿದ್ರೆ ಕೇಸ್ ಸರಿಯಾಗಿ ತೊಳೆದಿಲ್ಲ. ಡೈ ತುಕ್ಕಿಗೆ ಉಪ್ಪುಕಾಗದ ಹಾಕೋ ಆಸೆ ಆಗುತ್ತೆ, ತಡ್ಕೊಳ್ಳಿ. ಮರದ ಕಡ್ಡಿಗೆ ಒಂದು ಮೈಕ್ರಾನ್ ಡೈಮಂಡ್ ಪೇಸ್ಟ್ ಸವರಿ ಹೊಳಪು ಕೊಟ್ಟು ನಿಲ್ಸಿ, ಗುಳಿ ಹೋಗೋವರೆಗೂ ತೇದ್ರೆ ಅಳತೆ ಹೋಗುತ್ತೆ.

ನನ್ನ 0.223ರ ಪಾಯಿಂಟ್ ಡೈನ ಹಂಗೆ ತೇದು 0.224 ಮಾಡೋಣ ಅಂತ ಒಬ್ರು ಸಲಹೆ ಕೊಟ್ರು. ನೇರ ಭಾಗ ಹಿಗ್ಗಿಸಬಹುದು, ಆದ್ರೆ ಮೂತಿ ತಿರುವಿಗೆ ಅದು ಸೇರೋ ಕಡೆ ಮೆಟ್ಲು ಬೀಳುತ್ತೆ, ಬೇಡ ಅನ್ಸ್ತು. ಅದರ ಬದ್ಲು ಇಲ್ಲೇ ಒಬ್ಬ ಹಳೇ ಮೆಷಿನಿಸ್ಟ್ ಹತ್ರ 0.2226ರ ಹೊಸ ಸೀಟಿಂಗ್ ಡೈ ಮಾಡಿಸ್ದೆ, ಕೇಸ್ ಜಾಕೆಟ್ಟು ಡೀರಿಮ್ ಆದ್ಮೇಲೆ 0.222 ಬರ್ತಿತ್ತು, ಅಲ್ಲಿಗೆ ಮೆಟ್ಲು ಸರಿಹೋಯ್ತು, 0.222, 0.2226, 0.223. ಮೊದಲನೇ ತುಂಡು ಪಾಯಿಂಟ್ ಡೈ ಬಾಯಿಗೆ ಇಟ್ಟಾಗ ಬೆರಳು ತೆಗೆಯೋಕ್ ಮುಂಚೆನೇ ಒಳಗೆ ಜಾರ್ತು. 22 ಶಾರ್ಟ್ ಕೇಸಲ್ಲಿ 40 ಗ್ರೇನಿಂದು ಇನ್ನೂರು ಮಾಡಿದೀನಿ, ಒಂದು ಪಿನ್ನೂ ಬಗ್ಗಿಲ್ಲ, ಕ್ಲಬ್ಬಿನ ಫ್ರೆಂಡ್ ಹತ್ರ ಇರೋ ಹಳೇ ಹಾರ್ನೆಟ್ಟಿಗೆ ಹೋಗ್ತವೆ. ಎಲ್ಲಾ ಬುಲೆಟ್ ಮೇಲೂ ಏಳು ಗಂಟೆ ಜಾಗದಲ್ಲಿ ಕೂದಲೆಳೆಯಂಥ ಒಂದು ಗೀರು ಇದೆ, ಡೈದೇ. ಅದನ್ನ ಮುಟ್ಟಲ್ಲ.